ದುರಂತ ನಾಯಕನನ್ನು ಗುರುತಿಸುವುದು ಹೇಗೆ: ನಾಟಕ ಓದುವವರಿಗೂ ಆಡುವವರಿಗೂ

ಮಡಿಕೇರಿಯಲ್ಲಿ ಮಳೆ ಹಿಡಿದುಕೊಂಡಿತೆಂದರೆ ಹೊರಗಿನ ಓಡಾಟ ಕಡಿಮೆಯಾಗಿ, ಹೆಂಚಿನ ಮೇಲಿನ ಸದ್ದನ್ನು ಮೀರುವಂತೆ ದನಿ ಎತ್ತರಿಸಿ ಮಾತನಾಡಬೇಕಾದ ದಿನಗಳು ಶುರುವಾಗುತ್ತವೆ. ಆ ತಿಂಗಳುಗಳ ಭಾನುವಾರಗಳಂದು ನಮ್ಮ ಮನೆಯ ಜಗಲಿಯಲ್ಲಿ ಎಂಟು ಹತ್ತು ಮಂದಿ ಕುಳಿತು ನಾಟಕಗಳನ್ನು ಗಟ್ಟಿಯಾಗಿ ಓದುತ್ತೇವೆ. ಪದವಿ ಓದುತ್ತಿರುವ ಮಕ್ಕಳು, ಒಂದಿಬ್ಬರು ಶಿಕ್ಷಕರು, ತೋಟದ ಕೆಲಸಕ್ಕೆ ಬಿಡುವು ಸಿಕ್ಕಾಗ ಬರುವ ಒಬ್ಬ ನೆರೆಯವರು ಇದ್ದಾರೆ. ಪ್ರತಿ ವರ್ಷವೂ ಯಾರಾದರೊಬ್ಬರು, "ಸರ್, ಇದರಲ್ಲಿ ದುರಂತ ನಾಯಕ ಯಾರು, ಅವನನ್ನು ಹಾಗೆ ಕರೆಯಬೇಕಾದರೆ ಅವನಲ್ಲಿ ಏನಿರಬೇಕು?" ಎಂದು ಕೇಳುತ್ತಾರೆ. ಪಠ್ಯದ ಟಿಪ್ಪಣಿಗಳು ಈ ಪ್ರಶ್ನೆಗೆ ನಾಲ್ಕು ಲಕ್ಷಣಗಳ ಪಟ್ಟಿ ಕೊಟ್ಟು ಮುಗಿಸುತ್ತವೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಅಂಕ ಗಳಿಸಬಹುದಾದರೂ ಒಂದು ನಾಟಕವನ್ನು ಕೈಗೆ ಕೊಟ್ಟಾಗ ದಾರಿ ಕಾಣದೆ ನಿಲ್ಲುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆದ್ದರಿಂದ ಜಗಲಿಯಲ್ಲಿ ನಾವು ಅನುಸರಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ ಇಲ್ಲಿನ ಗುಡ್ಡಗಳು ಜರಿದು ಮನೆ, ತೋಟ, ರಸ್ತೆಗಳು ಮಣ್ಣಿನಡಿ ಹೋದಾಗ ಪತ್ರಿಕೆಗಳು ಅದನ್ನು ದುರಂತ ಎಂದವು, ನಾವೂ ಹಾಗೆಯೇ ಅಂದೆವು, ಆ ಮಾತು ಸರಿಯಾಗಿಯೇ ಇತ್ತು. ಆದರೆ ರಾತ್ರಿ ಮಲಗಿದ್ದವನ ಮೇಲೆ ಗುಡ್ಡ ಕುಸಿದರೆ ನಮ್ಮ ಕರುಳು ಹಿಂಡಿದಂತಾಗುತ್ತದೆಯೇ ಹೊರತು, ನಾಟಕಶಾಸ್ತ್ರದ ಅರ್ಥದಲ್ಲಿ ಅವನು ದುರಂತ ನಾಯಕನಾಗುವುದಿಲ್ಲ. ನಾಟಕದ ದುರಂತದಲ್ಲಿ ಕುಸಿಯುವ ಗುಡ್ಡದ ಬುಡವನ್ನು ಆ ಮನುಷ್ಯನೇ, ತನಗೆ ಸರಿಯೆಂದು ತೋರಿದ ಕಾರಣಕ್ಕಾಗಿ, ತನ್ನ ಕೈಯಾರೆ ಅಗೆದಿರುತ್ತಾನೆ. ನಮ್ಮ ಹಿರಿಯರು ಇಂಥ ನಾಟಕಕ್ಕೆ ರುದ್ರನಾಟಕ ಎಂಬ ಇನ್ನೊಂದು ಹೆಸರನ್ನೂ ಬಳಸಿದ್ದಾರೆ. ನನಗೆ ಆ ಹೆಸರೇ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದು ಕೇವಲ ಅಂತ್ಯದ ಕಡೆಗೆ ಬೆರಳು ತೋರದೆ ಇಡೀ ನಾಟಕದ ಸ್ವಭಾವವನ್ನು ಹೇಳುತ್ತದೆ.

ನಡುವಿನ ಮನುಷ್ಯ

ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯ 13ನೆಯ ಅಧ್ಯಾಯದಲ್ಲಿ ಈ ನಾಯಕನನ್ನು ಹುಡುಕುವ ರೀತಿ ನಮಗೆ ಇಂದಿಗೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅವನು ಬೇಡದವರನ್ನು ಒಬ್ಬೊಬ್ಬರನ್ನಾಗಿ ಬದಿಗೆ ಸರಿಸುತ್ತ ಬರುತ್ತಾನೆ. ಯಾವ ಕೊರತೆಯೂ ಇಲ್ಲದ ಸಜ್ಜನನು ಹಾಳಾದರೆ ನೋಡುವವನಿಗೆ ಕರುಣೆಯೂ ಭಯವೂ ಹುಟ್ಟುವ ಬದಲು ಅಸಹ್ಯ ಹುಟ್ಟುತ್ತದೆ. ದುಷ್ಟನು ಉದ್ಧಾರವಾದರೆ ಅದು ದುರಂತವೇ ಅಲ್ಲ. ಕಡುದುಷ್ಟನು ನೆಲಕಚ್ಚಿದರೆ ನ್ಯಾಯ ಸಿಕ್ಕಿತೆಂದು ಸಮಾಧಾನವಾಗಬಹುದು, ಆದರೆ ಎದೆ ನಡುಗುವುದಿಲ್ಲ. ಉಳಿಯುವವನು ಇವರ ನಡುವಿನವನು: ಹೆಸರು, ಸಂಪತ್ತು, ಸ್ಥಾನಗಳಲ್ಲಿ ದೊಡ್ಡವನಾದರೂ ಗುಣದಲ್ಲಿ ನಮ್ಮಂಥವನೇ ಆದವನು, ಕೆಟ್ಟತನದಿಂದಲ್ಲದೆ ಒಂದು 'ಹಮಾರ್ತಿಯಾ'ದಿಂದ ಬೀಳುವವನು. ಅನರ್ಹವಾದ ಕಷ್ಟ ಬಂದವನನ್ನು ಕಂಡು ಕರುಣೆ, ನಮ್ಮನ್ನು ಹೋಲುವವನಿಗೆ ಬಂದ ಕಷ್ಟವನ್ನು ಕಂಡು ಭಯ, ಇವೆರಡೂ ಒಟ್ಟಿಗೆ ಏಳಬೇಕೆಂಬುದು ಅವನ ಲೆಕ್ಕ.

ಈ ಹಮಾರ್ತಿಯಾ ಎಂಬ ಪದದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನಮ್ಮ ಟಿಪ್ಪಣಿಗಳಲ್ಲಿ ಇದನ್ನು 'ದುರಂತ ದೋಷ' ಎಂದು ಬರೆದಿರುತ್ತಾರೆ; ಹಾಗೆ ಬರೆದ ಕೂಡಲೇ ಓದುವವರು ನಾಯಕನಲ್ಲಿ ಒಂದು ದುರ್ಗುಣವನ್ನು ಹುಡುಕಲು ಹೊರಡುತ್ತಾರೆ, ಈಡಿಪಸನಿಗೆ ಕೋಪ, ಷೇಕ್ಸ್‌ಪಿಯರನ ಒಥೆಲೊನಿಗೆ ಸಂಶಯ, ಲಿಯರನಿಗೆ ಹೊಗಳಿಕೆಯ ಆಸೆ ಎಂದು ಚೀಟಿ ಅಂಟಿಸಿ ಪುಸ್ತಕ ಮುಚ್ಚುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಪದದ ಮೂಲದಲ್ಲಿರುವುದು ಗುರಿ ತಪ್ಪುವುದು ಎಂಬ ಅರ್ಥ. ಕೊಡಗಿನಲ್ಲಿ ಇದನ್ನು ವಿವರಿಸುವುದು ಸುಲಭ. ಕೈಲ್‌ಪೊಳ್ದ್ ಹಬ್ಬದ ದಿನ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕೋವಿ ಎತ್ತಿ ಗುರಿ ಹಿಡಿಯುವವನನ್ನು ನೆನೆಸಿಕೊಳ್ಳಿ. ಅವನ ಕಣ್ಣು ಚೆನ್ನಾಗಿದೆ, ತೋಳು ನಡುಗುತ್ತಿಲ್ಲ, ಉದ್ದೇಶದಲ್ಲಿ ಯಾವ ಕೇಡೂ ಇಲ್ಲ, ಆದರೂ ಗುಂಡು ಕಾಯಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲಿ ತಪ್ಪು ನಡೆದಿದೆ, ಆ ತಪ್ಪು ಅವನದೇ, ಆದರೆ ಅವನನ್ನು ಕೆಟ್ಟವನು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಗುಂಡು ಮುಂದೆ ಹೋಗಿ ಯಾರಿಗೆ ತಾಗಿತು ಎಂಬುದು ಅವನಿಗೆ ತಿಳಿಯುವುದೇ ದುರಂತ ನಾಟಕದ ಕಥೆ.

ನಾಯಕನ ಅಹಂಕಾರವೇ ಅವನನ್ನು ಕೆಡಿಸುತ್ತದೆ ಎಂಬ ಮಾತನ್ನೂ ಅಳೆದು ಒಪ್ಪಬೇಕು. 'ಹ್ಯೂಬ್ರಿಸ್' ಎಂಬ ಗ್ರೀಕ್ ಪದ ಎಲ್ಲ ಟಿಪ್ಪಣಿಗಳಲ್ಲಿಯೂ ಇರುತ್ತದೆ, ಆದರೆ ಅರಿಸ್ಟಾಟಲನು ದುರಂತ ನಾಯಕನ ಲಕ್ಷಣ ಹೇಳುವಾಗ ಆ ಪದವನ್ನು ಎತ್ತುವುದೇ ಇಲ್ಲ. ಅಹಂಕಾರದಿಂದ ಬಿದ್ದವರು ಇದ್ದಾರೆ, ನಿಜ. ಎಲ್ಲರೂ ಹಾಗೆಯೇ ಬಿದ್ದರೆನ್ನುವುದು ನಾಟಕವನ್ನು ನೀತಿಪಾಠದ ಮಟ್ಟಕ್ಕೆ ಇಳಿಸುತ್ತದೆ.

ಮೂರು ಸಾಲಿನ ನೋಟ್‌ಬುಕ್

ನಾಟಕವನ್ನು ಒಮ್ಮೆ ತಡೆಯಿಲ್ಲದೆ ಓದಿ ಮುಗಿಸಿರಿ. ಎರಡನೆಯ ಓದಿಗೆ ಕುಳಿತಾಗ ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಮೊದಲನೆಯದರಲ್ಲಿ ನಾಯಕನು ಏನು ಮಾಡಿದ ಎಂಬುದನ್ನೂ, ಎರಡನೆಯದರಲ್ಲಿ ಏಕೆ ಮಾಡಿದ ಎಂಬುದನ್ನೂ, ಮೂರನೆಯದರಲ್ಲಿ ಆ ಗಳಿಗೆಯಲ್ಲಿ ಅವನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನೂ ಬರೆಯುತ್ತ ಹೋಗಿರಿ. ಮೂರನೆಯ ಸಾಲನ್ನು ಬಿಟ್ಟವರಿಗೆ ಉಳಿದೆರಡು ಸಾಲುಗಳಿಂದ ಏನೂ ಸಿಗುವುದಿಲ್ಲ.

ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ದೊರೆ ಈಡಿಪಸ್' ನಾಟಕಕ್ಕೆ ಇದನ್ನು ಹೊಂದಿಸಿ ನೋಡೋಣ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆ ಎಂಬ ದೈವವಾಣಿಯನ್ನು ಕೇಳಿದ ಈಡಿಪಸನು ಕಾರಿಂತ್ ನಗರಕ್ಕೆ ಮರಳದೆ ಬೇರೆ ದಾರಿ ಹಿಡಿದ. ಹೆತ್ತವರ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದ. ಕಾರಿಂತಿನ ಪಾಲಿಬಸನೇ ತನ್ನ ತಂದೆಯೆಂದು ನಂಬಿದ್ದ. ಮೂರು ದಾರಿಗಳು ಕೂಡುವಲ್ಲಿ ಗಾಡಿಯಲ್ಲಿ ಬಂದ ಒಬ್ಬ ಮುದುಕನನ್ನು ಕೊಂದ. ಅವರು ತನ್ನನ್ನು ದಾರಿಯಿಂದ ತಳ್ಳಿ ತಲೆಗೆ ಹೊಡೆದದ್ದಕ್ಕಾಗಿ ಕೊಂದ. ಆ ಮುದುಕನೇ ತನ್ನ ಹೆತ್ತ ತಂದೆ, ಥೀಬ್ಸಿನ ರಾಜ ಲೇಯಸ್ ಎಂದು ತಿಳಿದಿರಲಿಲ್ಲ. ಊರನ್ನು ಕಾಡುತ್ತಿದ್ದ ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟನ್ನು ಬಿಡಿಸಿ ಥೀಬ್ಸ್ ನಗರವನ್ನು ಉಳಿಸಿದ, ಊರವರು ಕೃತಜ್ಞತೆಯಿಂದ ಸಿಂಹಾಸನವನ್ನೂ ವಿಧವೆ ರಾಣಿ ಯೊಕಾಸ್ತೆಯನ್ನೂ ಕೊಟ್ಟರು. ಅವಳೇ ತನ್ನ ಹೆತ್ತ ತಾಯಿ ಎಂದು ತಿಳಿದಿರಲಿಲ್ಲ. ಇಷ್ಟೆಲ್ಲ ನಡೆದು ವರ್ಷಗಳೇ ಕಳೆದ ಮೇಲೆ ನಾಟಕದ ತೆರೆ ಏಳುತ್ತದೆ. ಊರಿಗೆ ಪಿಡುಗು ಬಂದಿದೆ, ಹಿಂದಿನ ರಾಜ ಲೇಯಸನ ಕೊಲೆಗಾರನನ್ನು ಹೊರದೂಡಿದರೆ ಪಿಡುಗು ತೊಲಗುತ್ತದೆ ಎಂಬ ದೈವವಾಣಿ ಬಂದಿದೆ, ಈಡಿಪಸನು ಜನರೆಲ್ಲರ ಎದುರಿಗೆ ಆ ಕೊಲೆಗಾರನನ್ನು ಶಪಿಸುತ್ತಾನೆ, ಅವನು ತನ್ನ ಮನೆಯಲ್ಲಿಯೇ ಇದ್ದರೂ ಆ ಶಾಪ ತನಗೆ ತಟ್ಟಲಿ ಎನ್ನುತ್ತಾನೆ.

ಹೀಗೆ ಬರೆದು ಎದುರಿಗಿಟ್ಟುಕೊಂಡಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎರಡನೆಯ ಸಾಲಿನ ತುಂಬ ಇರುವವು ಬಹುಮಟ್ಟಿಗೆ ನಾವು ಮೆಚ್ಚುವ ಕಾರಣಗಳು. ಮೂರನೆಯ ಸಾಲಿನಲ್ಲಿ ಪ್ರತಿ ಸಲವೂ ಅದೇ ಒಂದು ತಿಳಿವು ಖಾಲಿ ಬಿದ್ದಿದೆ, ಅದೆಂದರೆ ತಾನು ಯಾರೆಂಬುದು. ಒಗಟನ್ನು ಬಿಡಿಸದೆ ಬಿಡದ ಬುದ್ಧಿಯೇ ಅವನನ್ನು ರಾಜನನ್ನಾಗಿ ಮಾಡಿತ್ತು, ಅದೇ ಬುದ್ಧಿ ಈಗ ಕೊಲೆಗಾರನ ಬೆನ್ನು ಹತ್ತಿದೆ. ನನ್ನ ಅನುಭವದಲ್ಲಿ ದುರಂತ ನಾಯಕನನ್ನು ಗುರುತಿಸಲು ಇದಕ್ಕಿಂತ ನಂಬಿಕೆಯ ಗುರುತು ಇನ್ನೊಂದಿಲ್ಲ: ಯಾವ ಗುಣದಿಂದ ಅವನು ದೊಡ್ಡವನಾದನೋ ಅದೇ ಗುಣದಿಂದ ಬೀಳುತ್ತಾನೆ. ಆ ಗುಣವನ್ನು ಕಿತ್ತುಹಾಕಿದರೆ ಅವನು ಉಳಿದಾನು, ಆದರೆ ಆಗ ಅವನು ಅವನಾಗಿರುವುದಿಲ್ಲ.

ಒಳ್ಳೆಯ ಸುದ್ದಿ ತಂದವನನ್ನು ಹುಡುಕಿ

ನಾಯಕನ ಬದುಕು ತಲೆಕೆಳಗಾಗುವ ತಿರುವನ್ನು ಅರಿಸ್ಟಾಟಲನು 'ಪೆರಿಪೆಟಿಯಾ' ಎಂದ. ಅರಿಯದಿದ್ದುದನ್ನು ಅರಿಯುವ ಗಳಿಗೆಗೆ ಕನ್ನಡದಲ್ಲಿ ಅಭಿಜ್ಞಾನ ಎಂಬ ಚೆಲುವಾದ ಪದವೇ ಇದೆ. ಇವೆರಡೂ ಒಟ್ಟಿಗೆ ಬಂದರೆ ಶ್ರೇಷ್ಠ ಎಂದು ಹೇಳಿ ಅವನು ಕೊಡುವ ಉದಾಹರಣೆಯೂ ಈಡಿಪಸನದೇ. ಆ ದೃಶ್ಯವನ್ನು ನಿಧಾನವಾಗಿ ನೋಡಬೇಕು.

ಕಾರಿಂತಿನಿಂದ ಒಬ್ಬ ಮುದುಕ ಸುದ್ದಿಗಾರ ಬರುತ್ತಾನೆ. ಪಾಲಿಬಸ್ ತೀರಿಕೊಂಡ, ನಿನ್ನನ್ನೇ ರಾಜನನ್ನಾಗಿ ಮಾಡುತ್ತಾರೆ ಎನ್ನುತ್ತಾನೆ. ಈಡಿಪಸನಿಗೆ ದುಃಖದ ಜೊತೆಗೆ ದೊಡ್ಡ ಹಗುರ, ಏಕೆಂದರೆ ತಂದೆ ತನ್ನ ಕೈಯಿಂದ ಸಾಯಲಿಲ್ಲ. ಆದರೂ ತಾಯಿ ಬದುಕಿರುವವರೆಗೆ ಭಯ ಬಿಡದು ಎನ್ನುತ್ತಾನೆ. ಆಗ ಆ ಮುದುಕ, ಅವನ ಮನಸ್ಸಿನ ಭಾರವನ್ನು ಇಳಿಸಬೇಕೆಂಬ ಪ್ರೀತಿಯಿಂದಲೇ, ಹೆದರಬೇಡ, ಪಾಲಿಬಸನಿಗೂ ನಿನಗೂ ರಕ್ತಸಂಬಂಧವಿಲ್ಲ, ಕಾಲಿನ ಕೀಲುಗಳನ್ನು ಚುಚ್ಚಿ ಕಟ್ಟಿದ್ದ ಎಳೆಗೂಸನ್ನು ಬೆಟ್ಟದಲ್ಲಿ ಒಬ್ಬ ಕುರುಬನಿಂದ ಪಡೆದು ಅವನಿಗೆ ಕೊಟ್ಟವನು ನಾನೇ ಎಂದು ಹೇಳಿಬಿಡುತ್ತಾನೆ. ಪಕ್ಕದಲ್ಲಿ ನಿಂತಿರುವ ಯೊಕಾಸ್ತೆಗೆ ಆ ಕ್ಷಣದಲ್ಲಿಯೇ ಎಲ್ಲವೂ ತಿಳಿಯುತ್ತದೆ. ಮುಂದೆ ಕೇಳಬೇಡ ಎಂದು ಅಂಗಲಾಚುತ್ತಾಳೆ, ಅವನು ಕೇಳದಿದ್ದಾಗ ಒಳಗೆ ಹೋಗುತ್ತಾಳೆ. ತನ್ನ ಹುಟ್ಟು ಕೀಳೆಂದು ತಿಳಿದರೆ ರಾಣಿಗೆ ನಾಚಿಕೆಯಾದೀತು, ಅದಕ್ಕೇ ಹೀಗೆ ಮಾಡುತ್ತಾಳೆ ಎಂದು ಈಡಿಪಸನು ತಿಳಿಯುತ್ತಾನೆ. ಕೊನೆಗೆ ಆ ಕುರುಬನೇ ಬಂದು, ಭಯಂಕರವಾದುದನ್ನು ಹೇಳುವ ಅಂಚಿನಲ್ಲಿದ್ದೇನೆ ಎಂದಾಗ ಈಡಿಪಸನು, ಕೇಳುವ ಅಂಚಿನಲ್ಲಿ ನಾನಿದ್ದೇನೆ, ಆದರೂ ಕೇಳಲೇಬೇಕು ಎನ್ನುತ್ತಾನೆ.

ಕೇಳಲೇಬೇಕು ಎಂಬ ಆ ಒಂದು ಮಾತಿನಲ್ಲಿ ಅವನ ಹಿರಿಮೆಯೂ ಅವನ ಪತನವೂ ಇವೆ. ವಿಧಿಯೇ ಎಲ್ಲವನ್ನೂ ಮಾಡಿತು ಎನ್ನುವವರು ಇಲ್ಲಿ ನಿಂತು ಯೋಚಿಸಬೇಕು. ಕೊಲೆ, ಮದುವೆ ಎರಡೂ ಮೊದಲೇ ಆಗಿಹೋಗಿದ್ದವು. ಅವುಗಳನ್ನು ಬಯಲಿಗೆಳೆಯಲೇಬೇಕೆಂದು ಯಾವ ದೇವರೂ ಅವನ ಕೈ ಹಿಡಿದು ಎಳೆಯಲಿಲ್ಲ. ನಿಮ್ಮ ಕೈಯಲ್ಲಿರುವ ನಾಟಕ ಯಾವುದೇ ಇರಲಿ, ಒಳ್ಳೆಯದನ್ನು ಮಾಡಲು ಬಂದು ಕೆಡುಕನ್ನು ಮಾಡಿಹೋದ ಮಾತು ಯಾವುದು, ಇನ್ನು ಬಿಟ್ಟುಬಿಡು ಎಂದು ನಾಯಕನನ್ನು ತಡೆದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಹುಡುಕಿ. ಉತ್ತರ ಸಿಕ್ಕಿದ ಪುಟಕ್ಕೆ ಗುರುತಿಟ್ಟುಕೊಳ್ಳಿ.

ಅಭಿಜ್ಞಾನ ಬಂದರಷ್ಟೇ ಸಾಲದು, ಅದು ಹಿಂದಿರುಗಲಾಗದಷ್ಟು ತಡವಾಗಿ ಬರಬೇಕು. ಕೊಡವ ಭಾಷೆಯ ನಾಟಕಸಾಹಿತ್ಯ ಹರದಾಸ ಅಪ್ಪಚ್ಚಕವಿಗಳಿಂದ ಆರಂಭವಾದದ್ದು, 1906ರಲ್ಲಿ ಅವರು ಬರೆದದ್ದು ಯಯಾತಿಯ ಕಥೆಯನ್ನು. ಆದ್ದರಿಂದ ನಮ್ಮ ಜಗಲಿಯಲ್ಲಿ ಯಯಾತಿ ದುರಂತ ನಾಯಕನೇ ಎಂಬ ಚರ್ಚೆ ಆಗಾಗ ಏಳುತ್ತದೆ. ಮಹಾಭಾರತದ ಯಯಾತಿ ಮಗ ಪೂರುವಿನ ಯೌವನವನ್ನು ಪಡೆದು, ಬಹುಕಾಲ ಭೋಗಿಸಿ, ಭೋಗದಿಂದ ಆಸೆ ತಣಿಯದು ಎಂದು ಅರಿಯುತ್ತಾನೆ. ಅರಿವು ಬಂತು, ಆದರೆ ಮಗನ ಯೌವನವನ್ನು ಹಿಂದಕ್ಕೆ ಕೊಡಲು ಸಾಧ್ಯವಾಯಿತು, ಪೂರುವಿಗೆ ರಾಜ್ಯವೂ ದೊರೆಯಿತು. ಆದ್ದರಿಂದ ಮೂಲಕಥೆಯ ಮಟ್ಟಿಗೆ ಅವನು ದುರಂತ ನಾಯಕನಲ್ಲ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಎದುರಾಗಿ ಸೊಫೊಕ್ಲಿಸನ 'ಆಂಟಿಗೊನೆ' ನಾಟಕದ ಕ್ರಿಯಾನನನ್ನು ಇಡಬಹುದು. ದೊರೆಯಾದ ಅವನು ಆಂಟಿಗೊನೆಯ ಸೋದರನ ಹೆಣಕ್ಕೆ ಸಂಸ್ಕಾರ ಮಾಡಬಾರದೆಂದು ಆಜ್ಞೆ ಮಾಡಿ, ಅದನ್ನು ಮೀರಿದ ಅವಳನ್ನು ಗವಿಯೊಳಗೆ ಮುಚ್ಚಿಸುತ್ತಾನೆ. ನಾಟಕದ ಹೆಸರು ಆಂಟಿಗೊನೆಯದಾದರೂ ನಾಯಕಸ್ಥಾನ ಯಾರದೆಂಬ ಜಗಳ ಹಳೆಯದು. ಆಂಟಿಗೊನೆ ತಾನು ಮಾಡುವುದೇನೆಂದು ಮೊದಲಿನಿಂದಲೂ ಬಲ್ಲಳು, ಸಾವನ್ನು ತಿಳಿದೇ ಆರಿಸಿಕೊಳ್ಳುತ್ತಾಳೆ. ಗುರಿ ತಪ್ಪಿದವನು ಕ್ರಿಯಾನ್. ಕುರುಡ ಕಾಲಜ್ಞಾನಿ ಟೈರೀಸಿಯಸನ ಮಾತಿನಿಂದ ಬೆದರಿ ಅವನು ಮನಸ್ಸು ಬದಲಿಸಿದಾಗ ಹಿರಿಯರು, ಮೊದಲು ಹೋಗಿ ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಸಂಸ್ಕಾರ ಮಾಡು ಎನ್ನುತ್ತಾರೆ. ಅವನು ಮೊದಲು ಹೆಣದ ಸಂಸ್ಕಾರಕ್ಕೆ ಹೋಗುತ್ತಾನೆ. ಗವಿಗೆ ಬರುವಷ್ಟರಲ್ಲಿ ಹುಡುಗಿ ನೇಣು ಹಾಕಿಕೊಂಡಿರುತ್ತಾಳೆ, ಅವನ ಕಣ್ಣೆದುರೇ, ಅವಳನ್ನು ಮದುವೆಯಾಗಬೇಕಿದ್ದ ಮಗ ತನ್ನನ್ನು ತಾನು ಇರಿದುಕೊಳ್ಳುತ್ತಾನೆ, ಮನೆಗೆ ಬಂದರೆ ಹೆಂಡತಿಯೂ ಸತ್ತಿರುತ್ತಾಳೆ. ದುರಂತ ನಾಯಕ ಸಾಯಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೂ ಕ್ರಿಯಾನನೇ ಸಾಕ್ಷಿ. ಈಡಿಪಸನೂ ಸಾಯುವುದಿಲ್ಲ, ಯೊಕಾಸ್ತೆಯ ಉಡುಪಿನ ಪಿನ್ನುಗಳಿಂದ ಕಣ್ಣು ಚುಚ್ಚಿಕೊಂಡು ಬದುಕುತ್ತಾನೆ.

ಕನ್ನಡದ ದುರ್ಯೋಧನ

ಸಂಸ್ಕೃತ ನಾಟಕಪರಂಪರೆ ನಾಯಕನ ಸಾವನ್ನು ರಂಗದ ಮೇಲೆ ತರಲು ಹಿಂಜರಿಯಿತು. ಭಾಸನ 'ಊರುಭಂಗ' ಅದಕ್ಕೆ ಅಪವಾದ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಪುಟ್ಟ ಮಗ ದುರ್ಜಯ ಬಂದು ತೊಡೆಯ ಮೇಲೆ ಕೂರಲು ಹೋಗುತ್ತಾನೆ, ತಂದೆ ಬೇಡವೆಂದು ತಡೆಯಬೇಕಾಗುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆಯೇ ಅದು ಎಂಬುದು ನೆನಪಾದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನಮ್ಮ ರನ್ನನ ದುರ್ಯೋಧನ ಇನ್ನೂ ಕಠಿಣವಾದ ಪರೀಕ್ಷೆ. 'ಗದಾಯುದ್ಧ' ಕಾವ್ಯವಾದರೂ ಅದರ ಮೈಯೆಲ್ಲ ನಾಟಕ, ಬಿ.ಎಂ. ಶ್ರೀಕಂಠಯ್ಯನವರು ಅದರಿಂದ ನಾಟಕವನ್ನೇ ತೆಗೆದರು. ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದವರೂ ಅವರೇ. ಯುದ್ಧಭೂಮಿಯಲ್ಲಿ ಹೆಣಗಳನ್ನು ತುಳಿಯುತ್ತ ಸಂಜಯನೊಡನೆ ನಡೆಯುವ ರನ್ನನ ದುರ್ಯೋಧನ, ಶತ್ರುವಿನ ಮಗ ಅಭಿಮನ್ಯುವಿನ ದೇಹದ ಎದುರು ನಿಂತು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಮರಣ ನಮಗೆ ಬರಲಿ ಎಂದು ಬೇಡುತ್ತಾನೆ. ಸಂಧಿಯ ಮಾತೆತ್ತಿದಾಗ "ನೆಲಕಿಱಿವೆನೆಂದು ಬಗೆದಿರೆ, ಚಲಕಿಱಿವೆಂ" ಎನ್ನುತ್ತಾನೆ: ನೆಲಕ್ಕಾಗಿ ಹೋರಾಡುತ್ತಿದ್ದೇನೆಂದು ತಿಳಿದಿರಾ, ನನ್ನ ಹೋರಾಟ ಛಲಕ್ಕಾಗಿ, ಕರ್ಣನನ್ನು ಕೊಲ್ಲಿಸಿದ ಈ ನೆಲದೊಡನೆ ಮತ್ತೆ ಕೂಡಿ ಬಾಳುವೆನೇ. ಇಲ್ಲಿ ಅಭಿಜ್ಞಾನ ಎಲ್ಲಿದೆ ಎಂದು ಹುಡುಗರು ಕೇಳುತ್ತಾರೆ. ತಾನು ಕಳೆದುಕೊಂಡದ್ದು ಎಷ್ಟೆಂಬುದನ್ನು ಅವನು ಹೆಣದಿಂದ ಹೆಣಕ್ಕೆ ನಡೆಯುತ್ತ ಅರಿಯುತ್ತಾನೆ, ಆದರೆ ಆ ಅರಿವು ಅವನನ್ನು ಬಾಗಿಸುವ ಬದಲು ಇನ್ನೂ ನೆಟ್ಟಗೆ ನಿಲ್ಲಿಸುತ್ತದೆ. ಗ್ರೀಕರ ಅಳತೆಗೋಲಿಗೆ ಅವನು ಪೂರ್ತಿ ಒಗ್ಗುವುದಿಲ್ಲ, ನಿಜ. ಅಳತೆಗೋಲು ಇರುವುದು ಪಾತ್ರವನ್ನು ಹತ್ತಿರದಿಂದ ನೋಡುವುದಕ್ಕಾಗಿ, ಒಗ್ಗದ ಕಡೆ ಪಾತ್ರವನ್ನು ಕತ್ತರಿಸಬಾರದು. ಕರ್ಣನ ಕಥೆಯಲ್ಲಂತೂ ಹುಟ್ಟಿನ ಅರಿವು ಯುದ್ಧಕ್ಕೆ ಮೊದಲೇ ಬರುತ್ತದೆ, ತಿಳಿದೂ ತಿಳಿದೂ ಅವನು ಸೋಲುವ ಪಕ್ಷದಲ್ಲಿ ನಿಲ್ಲುತ್ತಾನೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಕೊಲೆಗಾರನೆಂದು ಗೊತ್ತಿದ್ದೂ ನಾವು ಅವನಿಗಾಗಿ ಮರುಗುವುದು, ಅವನು ತಾನು ಕಳೆದುಕೊಂಡ ಗೌರವ, ಪ್ರೀತಿ, ಗೆಳೆಯರನ್ನು ತಾನೇ ಎಣಿಸಿ ಹೇಳಬಲ್ಲನಾದ್ದರಿಂದ.

ಆಡುವವರಿಗೆ

ಪಾತ್ರ ಮಾಡುವವರಿಗೆ ಹೇಳಬೇಕಾದದ್ದು ನಾನೇ ತಪ್ಪಿ ಕಲಿತದ್ದು. ಹಲವು ವರ್ಷಗಳ ಹಿಂದೆ ಈಡಿಪಸ್ ನಾಟಕವನ್ನು ಹವ್ಯಾಸಿ ತಂಡಕ್ಕೆ ಆಡಿಸುವಾಗ, ಈಡಿಪಸನ ದೋಷ ಕೋಪವೆಂದು ನಾನು ನಂಬಿದ್ದರಿಂದ, ಪಾತ್ರಧಾರಿಗೆ ಮೊದಲ ದೃಶ್ಯದಿಂದಲೇ ಗುಡುಗಲು ಹೇಳಿದ್ದೆ. ಅವನು ಹೇಳಿದಂತೆಯೇ ಮಾಡಿದ. ಕುರುಬನ ದೃಶ್ಯ ಬಂದಾಗ ಅವನ ದನಿಯಲ್ಲಿ ಏರಲು ಜಾಗವೇ ಉಳಿದಿರಲಿಲ್ಲ, ನೋಡುವವರು ಸಿಡುಕನೊಬ್ಬನಿಗೆ ಆಗಬೇಕಾದದ್ದೇ ಆಯಿತು ಎಂಬಂತೆ ಕುಳಿತಿದ್ದರು. ಮುಂದಿನ ಪ್ರದರ್ಶನಕ್ಕೆ ಮೊದಲ ದೃಶ್ಯದಲ್ಲಿ ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಪಿಡುಗಿನಿಂದ ನೊಂದು ಬಂದ ಜನರನ್ನು ಮಕ್ಕಳೇ ಎಂದು ಕರೆಯುವ ಆ ಮಾತನ್ನು ತಂದೆಯಂತೆ ಮೆಲ್ಲಗೆ ಆಡಿಸಿದೆ. ಆ ಬಾರಿ "ಕೇಳಲೇಬೇಕು" ಎಂಬುದನ್ನು ಅವನು ಹೆಚ್ಚುಕಡಿಮೆ ಪಿಸುಮಾತಿನಲ್ಲಿ ಹೇಳಿದಾಗ ಸಭಾಂಗಣದಲ್ಲಿ ಕುರ್ಚಿ ಸರಿದ ಸದ್ದೂ ಇರಲಿಲ್ಲ. ಅಂತ್ಯ ಗೊತ್ತಿರುವುದು ನಟನಿಗೆ, ಪಾತ್ರಕ್ಕಲ್ಲ. ಮೂರನೆಯ ಸಾಲಿನ ಖಾಲಿ ಜಾಗವನ್ನು ಕೊನೆಯವರೆಗೆ ಖಾಲಿಯಾಗಿಯೇ ಇಟ್ಟುಕೊಂಡು ಆಡಬೇಕು.

ಬರೆಯುವ ಆಸಕ್ತಿಯಿರುವವರಿಗೆ ಮಡಿಕೇರಿಯಲ್ಲಿಯೇ ಒಂದು ಅಭ್ಯಾಸವಿದೆ. ರಾಜರ ಗದ್ದಿಗೆಗೆ ಹೋಗಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಸಮಾಧಿಯ ಎದುರು ಸ್ವಲ್ಪ ಹೊತ್ತು ನಿಂತು ಬನ್ನಿ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು, ಟಿಪ್ಪುವಿನ ಪಡೆಗಳಿಂದ ನಾಡನ್ನು ಮರಳಿ ಗೆದ್ದು, ನಾಲ್ಕುನಾಡಿನ ಕಾಡಿನೊಳಗೆ ಅರಮನೆ ಕಟ್ಟಿಸಿದವನು ಅವನು. ಸುತ್ತಲಿನ ಯಾರನ್ನೂ ಸುಲಭವಾಗಿ ನಂಬದ ಎಚ್ಚರ ಅವನನ್ನು ಉಳಿಸಿತ್ತೆಂದು ಕಲ್ಪಿಸಿಕೊಳ್ಳಿ. ಗಂಡುಸಂತಾನವಿಲ್ಲದೆ, ರಾಣಿ ಮಹದೇವಮ್ಮಾಜಿಯನ್ನು 1807ರಲ್ಲಿ ಕಳೆದುಕೊಂಡ ಮೇಲೆ ಆ ಎಚ್ಚರ ಸಂಶಯದ ಕಾಯಿಲೆಯಾಗಿ ಅನೇಕರ ಪ್ರಾಣ ತೆಗೆಯಿತೆಂದು ಇತಿಹಾಸ ಬರೆದವರು ಹೇಳುತ್ತಾರೆ. 1809ರಲ್ಲಿ ಅವನೂ ತೀರಿಕೊಂಡ. ಇತಿಹಾಸ ನಡೆದದ್ದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದದ್ದನ್ನು ಹೇಳುತ್ತದೆ ಎಂದ ಅರಿಸ್ಟಾಟಲನ ಮಾತು ನಿಮಗೆ ಇಷ್ಟು ಸ್ವಾತಂತ್ರ್ಯ ಕೊಡುತ್ತದೆ: ಒಂದು ರಾತ್ರಿ ಅರಮನೆಯ ಬಾಗಿಲಿಗೆ ಯಾರೋ ಒಬ್ಬ ಹಳೆಯ ಸೇವಕ, ರಾಜನ ಮನಸ್ಸಿಗೆ ನೆಮ್ಮದಿ ತರುವೆನೆಂದು ಒಂದು ಸುದ್ದಿಯನ್ನು ಹೊತ್ತು ಬರುತ್ತಾನೆ. ಆ ಒಂದೇ ದೃಶ್ಯವನ್ನು ನಾಲ್ಕು ಪುಟಗಳಲ್ಲಿ ಬರೆಯಿರಿ. ಬರೆಯುವ ಮೊದಲು ಮೂರು ಸಾಲಿನ ಹಾಳೆಯನ್ನು ತುಂಬಿಸಿ, ಸೇವಕ ಬಾಯಿ ತೆರೆಯುವ ಗಳಿಗೆಯಲ್ಲಿ ರಾಜನಿಗೆ ಗೊತ್ತಿಲ್ಲದಿರುವುದು ಏನೆಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಂದಿನ ಭಾನುವಾರ ಅದನ್ನೇ ಗಟ್ಟಿಯಾಗಿ ಓದೋಣ.